ಮೊದಲ ಬುಟ್ಟಿ ಬೀಳುವ ತನಕ

ಮಾನ್ಯ ಕ್ರೀಡಾ ನಿರ್ದೇಶಕರೇ,

ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಮಾತನ್ನು ಅರ್ಧಕ್ಕೆ ಕತ್ತರಿಸಿ, ಆ ಅರ್ಧವನ್ನು ನಮ್ಮ ಬಾಸ್ಕೆಟ್‌ಬಾಲ್ ಅಂಗಳದ ದೊಡ್ಡ ಪರದೆಯ ಮೇಲೆ ತೋರಿಸಿ, ನೀವು ಅವನ ಬೆನ್ನ ಹಿಂದೆ ಅವಿತು ಕೂತಿದ್ದೀರಿ. ಹುಡುಗ ಆರಡಿ ಮೂರಂಗುಲ ಇದ್ದಾನೆ, ಒಪ್ಪಿದೆ. ಆದರೂ ಒಂದು ಇಡೀ ಕಚೇರಿ ಅವಿತುಕೊಳ್ಳುವಷ್ಟು ಅಗಲವಾಗಿಲ್ಲ. ನಿಮ್ಮ ಕೋಟಿನ ತುದಿ ಈ ಕಡೆ ಕಾಣುತ್ತಿದೆ. ಇದನ್ನು ಮೊದಲು ನಿಮ್ಮ ಕಚೇರಿಗೇ ಇಮೇಲ್ ಮಾಡಿದ್ದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ನಾನು ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಬಂತು. ಅಷ್ಟು ಬೇಗ ಓದಿ ಮುಗಿಸುವ ಮಹಾನುಭಾವರು ಯಾರೆಂದು ತಿಳಿಯದೆ, ಈಗ ನಮ್ಮೂರಿನ ಪತ್ರಿಕೆಯ ಮೊರೆಹೋಗಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಕಾರ್ಡರ್ ಮಿಲ್ಸ್‌ನ ದನದ ಸಂತೆಯಲ್ಲಿ ಹರಾಜು ಕೂಗಿ ಬದುಕಿದವನು. ಗಂಟಲು ಸವೆದ ಮೇಲೆ ನಿವೃತ್ತನಾದೆ. ನನ್ನ ಹೆಂಡತಿ ಲೊರೀನ್ ಮತ್ತು ನಾನು ಮದುವೆಯಾದ ವರ್ಷದಿಂದಲೂ ನಮ್ಮ ಕಾಲೇಜಿನ ತಂಡದ ಆಟವನ್ನು ಮೂರನೇ ಸಾಲಿನಿಂದ ನೋಡುತ್ತಿದ್ದೇವೆ. ತಂಡದ ಹೆಸರು ಮಿಲ್ಲರ್ಸ್, ಅಂದರೆ ಹಿಟ್ಟಿನ ಗಿರಣಿಯವರು. ಗಿರಣಿ ಮುಚ್ಚಿ ಯಾವ ಕಾಲವಾಯಿತೋ, ಆದರೆ ನಾವಿನ್ನೂ ‘ಬೀಸು, ಬೀಸು’ ಎಂದು ಕೂಗುವುದನ್ನು ಬಿಟ್ಟಿಲ್ಲ. ಇಂಡಿಯಾನಾದ ಈ ಮೂಲೆಯಲ್ಲಿ ಜೋಳದ ಕೊಯ್ಲು ಮುಗಿದ ಮೇಲೆ ನಮಗಿರುವುದು ಚರ್ಚು ಮತ್ತು ಈ ತಂಡ. ಚರ್ಚಿನಲ್ಲಿ ಪಾದ್ರಿಗಳು ಹೇಳಿದಾಗ ಏಳುತ್ತೇವೆ, ಹೇಳಿದಾಗ ಕೂರುತ್ತೇವೆ. ಅಂಗಳದಲ್ಲಿ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ನಿಲ್ಲುತ್ತೇವೆ.

ನೀವು ಈ ಬೇಸಿಗೆಯಲ್ಲಷ್ಟೇ ಬಂದವರು. ನಮ್ಮ ಪದ್ಧತಿಯನ್ನು ಯಾರಾದರೂ ನಿಮಗೆ ಹೇಳಿರಬಹುದು, ನೀವು ಕೇಳಿಸಿಕೊಂಡಿರಲಿಕ್ಕಿಲ್ಲ. ಆಟದ ಎರಡೂ ಅವಧಿಗಳ ಶುರುವಿನಲ್ಲಿ ನಾವು ಎದ್ದು ನಿಲ್ಲುತ್ತೇವೆ. ನಮ್ಮ ತಂಡ ಮೊದಲ ಬುಟ್ಟಿ ಹಾಕುವ ತನಕ ಕೂರುವುದಿಲ್ಲ. ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ತಾಯಿಯೂ ಕೂರುವುದಿಲ್ಲ. ಇದರಲ್ಲೂ ನಮ್ಮ ಜಗಳ ಇದ್ದದ್ದೇ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಥ್ರೋದಿಂದ ಬಂದ ಅಂಕವನ್ನು ಬುಟ್ಟಿ ಎನ್ನಬೇಕೋ ಬೇಡವೋ ಎಂಬ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ನಾನು ಕೂರುವ ಪಂಗಡದವನು. ಲೊರೀನ್ ಪಕ್ಕದಲ್ಲೇ ನಿಂತು, ಪುಕ್ಕಟೆ ಸಿಕ್ಕಿದ್ದು ಬುಟ್ಟಿಯಲ್ಲ ಎಂದು ನನ್ನ ನೆತ್ತಿಯ ಮೇಲೆ ಉಪದೇಶ ಮಾಡುತ್ತಾಳೆ. ಮದುವೆಯ ಮೊದಲ ಚಳಿಗಾಲದಿಂದ ನಡೆದುಬಂದಿರುವ ಈ ವಾದದಲ್ಲಿ ನಾನು ಗೆದ್ದದ್ದು ಒಮ್ಮೆಯೂ ಇಲ್ಲ.

ಈಗ ಈ ಸಲದ ತಂಡದ ಬಗ್ಗೆ ನಾಲ್ಕು ಮಾತು. ನವೆಂಬರ್ ತಿಂಗಳಲ್ಲಿ ತಂಡದ ಹಣೆಬರಹ ಬರೆಯುವವರು ಮೂರ್ಖರು ಎಂದು ನನಗೆ ಗೊತ್ತು. ಆದರೂ ಪ್ರತಿ ನವೆಂಬರ್‌ನಲ್ಲೂ ಬರೆಯುತ್ತೇನೆ. ಬೇರೆ ಬೇರೆ ಕಾಲೇಜುಗಳಿಂದ ಎಂಟು ಹೊಸಬರನ್ನು ತಂದಿದ್ದೀರಿ. ಒಳ್ಳೆಯ ಹುಡುಗರೇ. ಆದರೆ ಬೆನ್ನ ಮೇಲಿನ ಹೆಸರು ಓದದೆ ನಮಗೆ ಅವರನ್ನು ಕರೆಯಲು ಬರುವುದಿಲ್ಲ. ಅವರು ಚೆಂಡು ದಾಟಿಸುವುದನ್ನು ನೋಡಿದರೆ ಅವರಿಗೂ ಒಬ್ಬರನ್ನೊಬ್ಬರು ಕರೆಯಲು ಬರುವುದಿಲ್ಲ ಎನ್ನಿಸುತ್ತದೆ. ಬುಟ್ಟಿಯ ಬಳಿ ನಿಲ್ಲುವ ಉದ್ದನೆಯ ಸೆಂಟರ್ ಎದುರಾಳಿಗಳ ಎಸೆತಗಳನ್ನು ಚೆನ್ನಾಗಿ ತಡೆಯುತ್ತಾನೆ, ಸಂತೋಷ. ಅವನ ಕೈಗೇ ಚೆಂಡು ಬಂದರೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದವನ ಹಾಗೆ ಆಡುತ್ತಾನೆ. ರಕ್ಷಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ‘ನಿನ್ನ ಎಡಕ್ಕೆ ಬಂದ, ನೋಡ್ಕೋ’ ಎಂದು ಕೂಗಲಿಕ್ಕೆ ಏನು ಕಷ್ಟ? ಕೋಚ್ ಆಟಗಾರರನ್ನು ಅಷ್ಟು ಸಲ ಒಳಗೆ ಹೊರಗೆ ಮಾಡುತ್ತಾರೆ, ಮನೆಯ ಬಾಗಿಲಾಗಿದ್ದರೆ ತಿರುಗಣಿ ಕಿತ್ತುಬರುತ್ತಿತ್ತು. ಇಷ್ಟಾದರೂ ಫೆಬ್ರವರಿಯ ಹೊತ್ತಿಗೆ ಇವರು ಒಂದು ತಂಡವಾಗುತ್ತಾರೆ ಎಂದು ನಂಬಿದ್ದೆ. ಆ ನಂಬಿಕೆಗೆ ಕಾರಣ ಒಬ್ಬನೇ ಒಬ್ಬ: ಹೋದ ವರ್ಷದಿಂದ ಇಲ್ಲೇ ಇರುವ, ಚೆಂಡನ್ನು ಅಂಗಳದುದ್ದ ನಡೆಸಿಕೊಂಡು ಬರುವ, ಎಂಟು ಅಪರಿಚಿತರನ್ನು ಹೆಸರು ಹಿಡಿದು ಕರೆಯುವ ಟೆರೆಲ್ ಮೇಬ್ರಿ. ನಿಮ್ಮ ಪರದೆಯ ಮೇಲಿದ್ದ ಹುಡುಗ ಅವನೇ.

ನಮ್ಮೂರಲ್ಲಿ ದೂರದಿಂದ ಬಂದ ಪ್ರತಿ ಆಟಗಾರನಿಗೂ ಒಂದು ‘ಭಾನುವಾರದ ಮನೆ’ ಇರುತ್ತದೆ. ಅವನು ಅಲ್ಲಿಗೆ ಹೋಗಿ ಹೊಟ್ಟೆ ತುಂಬ ಉಣ್ಣಬೇಕು, ಬಟ್ಟೆ ಒಗೆದುಕೊಳ್ಳಬೇಕು, ಬೇಕಾದರೆ ಸೋಫಾದ ಮೇಲೆ ನಿದ್ದೆ ಹೊಡೆಯಬೇಕು. ಟೆರೆಲ್‌ನ ಭಾನುವಾರದ ಮನೆ ನಮ್ಮದು. ಅವನು ಗ್ಯಾರಿ ಊರಿನವನು, ಅಜ್ಜಿ ಸಾಕಿದ ಹುಡುಗ. ಮೊದಲ ಭಾನುವಾರ ಲೊರೀನ್ ಆಲೂಗಡ್ಡೆ ಹಿಸುಕಿ ಅದರ ಮೇಲೆ ಕೋಳಿ ನೂಡಲ್ಸ್ ಸುರಿದು ಕೊಟ್ಟಾಗ, ಅನ್ನದ ಮೇಲೆ ಅನ್ನ ಹಾಕಿದ ಹಾಗಾಯಿತಲ್ಲ ಎಂದು ಅವನ ಮುಖ ಪ್ರಶ್ನೆಯಾಗಿತ್ತು. ನಾಲ್ಕನೇ ಭಾನುವಾರದ ಹೊತ್ತಿಗೆ ಪಾತ್ರೆಯ ತಳ ಕೆರೆಯುತ್ತಿದ್ದ. ಗೌರವಕ್ಕೆ ಅವಳನ್ನು ‘ಮಿಸ್ ಲೊರೀನ್’ ಎನ್ನುತ್ತಾನೆ. ನನ್ನನ್ನು ‘ಮಿಸ್ಟರ್ ವರ್ನ್’ ಎಂದು ಕರೆದು, ಟೀವಿ ಮುಂದೆ ನನ್ನ ಹರಾಜಿನ ದನಿಯನ್ನು ಅಣಕಿಸುತ್ತಾನೆ. ಚೆನ್ನಾಗಿಯೇ ಅಣಕಿಸುತ್ತಾನೆ.

ಈ ಋತುವಿನ ಮೊದಲ ಆಟ ನಿಮಗೂ ನೆನಪಿರಬೇಕು, ಟೀವಿಯವರು ಬಂದಿದ್ದರಲ್ಲ. ನಮ್ಮವರಿಗೆ ಬುಟ್ಟಿಯೇ ಸಿಗಲಿಲ್ಲ. ಎದುರಾಳಿಗಳು ಹದಿನಾಲ್ಕು ಅಂಕ ಗಳಿಸಿದರು, ನಮ್ಮದು ಸೊನ್ನೆ. ನಾವು ನಿಂತೇ ಇದ್ದೆವು. ಮಧ್ಯೆ ಎರಡು ಸಲ ಆಟ ನಿಲ್ಲಿಸಿ ಜಾಹೀರಾತು ತೋರಿಸಿದರು, ಆಗಲೂ ನಿಂತಿದ್ದೆವು. ಟೆರೆಲ್ ನಾಲ್ಕು ಸಲ ಎಸೆದ, ನಾಲ್ಕೂ ಆತುರದ ಎಸೆತ, ನಾಲ್ಕೂ ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದವು. ಅವನ ಕೈ ನನಗೆ ಗೊತ್ತು. ಚೆಂಡು ಬಿಡುವ ಮುನ್ನ ಒಂದು ಚೂರು ತಡೆದು ಬಿಡುವ ಕೈ ಅದು. ಆ ದಿನ ಆ ತಡೆ ಇರಲಿಲ್ಲ. ಕೊನೆಗೆ ಬೇರೆ ಯಾರೋ ಹೊಸಬ ಒಂದು ಬುಟ್ಟಿ ಹಾಕಿದ. ನಾವು ಅವನ ಹೆಸರು ತಿಳಿಯದೆಯೇ ಚಪ್ಪಾಳೆ ಹೊಡೆದು ಕೂತೆವು. ಸೊನ್ನೆಯ ಫಲಕದ ಕೆಳಗೆ ಇಡೀ ಊರು ನಿಂತಿರುವ ಆ ದೃಶ್ಯವನ್ನು ಹಾಕಿ ಹಾಕಿ ರಾಜ್ಯವೆಲ್ಲ ನಕ್ಕಿತು. ನಮಗೆ ಅದರಲ್ಲಿ ನಾಚಿಕೆಯೇನೂ ಕಾಣಲಿಲ್ಲ. ನಿಮಗೆ ಕಂಡಿತು.

ಎರಡನೇ ಆಟದ ದಿನ ಚೆಂಡು ಮೇಲೆ ಹಾರುವ ಮುಂಚೆ ದೀಪಗಳು ಮಂಕಾದವು. ಪರದೆಯ ಮೇಲೆ ಟೆರೆಲ್‌ನ ಮುಖ ಬಂತು. “ಅವರು ನಿಂತಿರ್ತಾರಲ್ಲ, ಅದು ನಂಗೆ ಕಷ್ಟ ಆಗತ್ತೆ,” ಎಂದ. “ಬೇಗ ಹಾಕ್ಬೇಕು ಅಂತ ಕೈ ಆತುರ ಪಡತ್ತೆ.” ಅಲ್ಲಿಗೆ ಮುಖ ಮಾಯ. ಕೆಳಗೆ ದೊಡ್ಡ ಅಕ್ಷರಗಳು ಮೂಡಿದವು: ‘ನಮ್ಮ ಆಟಗಾರರ ಮಾತು ಆಲಿಸೋಣ. ದಯವಿಟ್ಟು ಆಸೀನರಾಗಿ.’ ಆಸೀನರಾಗಿ! ಆ ಪದವನ್ನು ಹುಡುಕಲು ಎಷ್ಟು ಜನರ ಸಮಿತಿ ಕೂತಿತ್ತು, ಮಾನ್ಯರೇ? ಪದ್ಧತಿ ನಿಮಗೆ ಇಷ್ಟವಿಲ್ಲದಿದ್ದರೆ ನೀವೇ ಬಂದು ‘ನನಗೆ ಇಷ್ಟವಿಲ್ಲ, ಕೂತುಕೊಳ್ಳಿ’ ಎನ್ನಬಹುದಿತ್ತು. ನಾವು ನಿಮ್ಮನ್ನು ಬೈಯುತ್ತಿದ್ದೆವು, ನೀವು ಸಂಬಳ ತೆಗೆದುಕೊಂಡು ಬೈಸಿಕೊಳ್ಳುತ್ತಿದ್ದಿರಿ, ಲೆಕ್ಕ ಸರಿಯಾಗುತ್ತಿತ್ತು. ನಮ್ಮ ಸಂತೆಯಲ್ಲಿ ಕರುವಿನ ಕಾಲು ಕುಂಟಾಗಿದ್ದರೆ ಅದನ್ನು ಮಾರಲು ತಂದವನೇ ನಿಂತು ಹೇಳಬೇಕು, ಕರುವಿನ ಬಾಯಿಂದ ಹೇಳಿಸುವ ಹಾಗಿಲ್ಲ.

ಮುಂದೆ ಏನಾಯಿತೆಂದು ಮೇಲೆ ನೀವು ಕೂರುವ ಗಾಜಿನ ಕೋಣೆಯಿಂದ ನಿಮಗೆ ಎಷ್ಟು ಕಂಡಿತೋ ತಿಳಿಯದು. ಜನ ಎದ್ದರು. ನಿಮ್ಮ ಮಾತು ಮೀರಬೇಕೆಂದೇ ಎದ್ದರು. ಟೆರೆಲ್ ಕೈಗೆ ಚೆಂಡು ಬಂದದ್ದೇ ತಡ, ನಮ್ಮ ಎದುರಿನ ಸಾಲು ದಬಕ್ಕನೆ ಕೂತಿತು. ಹಿಂದಿನ ಸಾಲು ಕೂತಿತು. ಕೈಕಟ್ಟಿ, ಕತ್ತು ಬಿಗಿದು, ಬಾಯಿ ಮುಚ್ಚಿ ಕೂತರು. ಅವನು ಬೇರೆಯವನಿಗೆ ಚೆಂಡು ಕೊಟ್ಟರೆ ಎಲ್ಲರೂ ಎದ್ದು ‘ಬೀಸು, ಬೀಸು’ ಎನ್ನುವರು. ಮತ್ತೆ ಅವನಿಗೆ ಬಂದರೆ ಮತ್ತೆ ಕೂರುವರು. ಈ ಏಳುಬೀಳಿನಲ್ಲಿ ಕೆಲವರಿಗೆ ನಗು ಬೇರೆ ಬಂತು. ಸ್ವಂತ ಅಂಗಳದಲ್ಲಿ, ಸ್ವಂತ ಜನರಿಂದ ಇಂಥ ನಿಶ್ಶಬ್ದವನ್ನು ಯಾವ ಆಟಗಾರನಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಎದುರಾಳಿ ತಂಡದ ಹುಡುಗರು ಕೂಡ ಏನಾಗುತ್ತಿದೆ ಎಂದು ತಲೆಯೆತ್ತಿ ನೋಡಿದರು.

ನಮ್ಮ ಮುಂದೆ ಕೂರುವವನು ಬರ್ನಿ ಕ್ಲಂಪ್. ಹಂದಿ ಸಾಕುತ್ತಾನೆ. ನನ್ನ ಮದುವೆಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದವನು ಅವನೇ. ಅವನ ಭುಜ ತಟ್ಟಿ, ಇದೇನು ಮಾಡುತ್ತಿದ್ದೀಯ ಎಂದು ಕೇಳಿದೆ.

“ಕೂತ್ಕೊಂಡ್ರೆ ಅವನಿಗೆ ಆರಾಮಂತಲ್ಲ ವರ್ನ್,” ಎಂದ ಬರ್ನಿ, ತಿರುಗಿ ನೋಡದೆ. “ಕೂತಿದೀನಿ. ಇನ್ನೇನು, ಮಲ್ಕೊಳ್ಲಾ?”

ಸುತ್ತಲಿನವರು ನಕ್ಕರು. ಬರ್ನಿ ಕೆಟ್ಟವನಲ್ಲ. ಹೋದ ಚಳಿಗಾಲದಲ್ಲಿ ಇದೇ ಟೆರೆಲ್‌ಗೆ ಹೊಗೆಯಾಡಿಸಿದ ಹಂದಿತೊಡೆ ತಂದುಕೊಟ್ಟಿದ್ದ. ಅವನ ಅಪ್ಪ ನಿಂತ ಜಾಗದಲ್ಲಿ ಅವನು ನಿಲ್ಲುತ್ತಾನೆ. ತಾನು ನಿಲ್ಲುವುದನ್ನು ಒಬ್ಬ ಹುಡುಗ ಪೀಡೆ ಎಂದ ಎಂದುಕೊಂಡು ಅವನ ಮನಸ್ಸು ನೊಂದಿತ್ತು. ನಿಜ ಹೇಳಬೇಕೆಂದರೆ ನನಗೂ ಆ ಪರದೆ ನೋಡಿದಾಗ ಹಾಗೇ ಆಗಿತ್ತು. ನಮ್ಮ ಮನೆಯಲ್ಲಿ ಉಂಡ ಹುಡುಗ ನಮಗೆ ಹೇಳದೆ ಕ್ಯಾಮೆರಾಕ್ಕೆ ಹೇಳಿದನೇ ಎಂದು ಬೇಜಾರಾಗಿತ್ತು. ಊರಿನ ಎಷ್ಟೋ ಮನೆಗಳಲ್ಲಿ ಅಂದು ಇದೇ ಬೇಜಾರು ಇದ್ದಿರಬೇಕು. ಆ ಬೇಜಾರನ್ನು ಹುಟ್ಟಿಸಿ ಹಂಚಿದವರು ನೀವು.

ಮೂರನೇ ಆಟದಲ್ಲೂ ಅದೇ ಕತೆ. ಅವನು ಫ್ರೀ ಥ್ರೋ ಗೆರೆಯ ಬಳಿ ನಿಂತಾಗ ಇಡೀ ಅಂಗಳ ಕೂತಿತ್ತು, ನಿಂತವರು ನಾವಿಬ್ಬರೇ. ಎರಡೂ ತಪ್ಪಿದವು. ಕೋಚ್ ಅವನನ್ನು ಕರೆದು ಬೆಂಚಿನ ಕೊನೆಗೆ ಕೂರಿಸಿದರು, ಮತ್ತೆ ಎಬ್ಬಿಸಲಿಲ್ಲ. ತಂಡ ಸೋತಿತು. ಅದು ಬಿಡಿ, ನವೆಂಬರ್ ಸೋಲನ್ನು ನಾವು ಮರೆಯಬಲ್ಲೆವು. ಆದರೆ ಮರುದಿನ ಭಾನುವಾರ ಟೆರೆಲ್ ನಮ್ಮ ಮನೆಗೆ ಬರಲಿಲ್ಲ. ಫೋನ್ ತೆಗೆಯಲಿಲ್ಲ. ಲೊರೀನ್ ತಟ್ಟೆಗಳ ಮುಂದೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ನೂಡಲ್ಸ್ ಪಾತ್ರೆಗೆ ಬಟ್ಟೆ ಸುತ್ತಿ, ಗಾಡಿ ತೆಗಿ ಎಂದಳು.

ಅವನ ಹಾಸ್ಟೆಲ್ ಮೂರು ಮಹಡಿ, ಲಿಫ್ಟ್ ಇಲ್ಲ. ಲೊರೀನ್‌ಗೆ ಎರಡೂ ಮೊಣಕಾಲು ಸರಿಯಿಲ್ಲ. ಈ ವಿಷಯ ನನಗೆ ಗೊತ್ತು, ಅವಳ ವೈದ್ಯರಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು. ಮೇಲಿನವರೆಗೂ ಹತ್ತಿದಳು. ಬಾಗಿಲು ತೆರೆದ ಟೆರೆಲ್ ಅವಳನ್ನು ನೋಡಿ ಮೊದಲು ಮಾಡಿದ ಕೆಲಸ, ಅಲ್ಲಿದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ನೆಲಕ್ಕೆ ಎತ್ತಿಹಾಕಿದ್ದು. ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಅವಳ ಮೊಣಕೈ ಹಿಡಿದು ಕೂರಿಸಿದ. ಅವಳು ಪೀಠಿಕೆಯಿಲ್ಲದೆ ಕೇಳಿದಳು: ನಾವು ನಿಲ್ಲೋದು ನಿಂಗೆ ಕಷ್ಟ ಅಂತ ನಮಗೇ ಯಾಕೆ ಹೇಳಲಿಲ್ಲ?

ಅವನು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ, ಒಂದು ಅಕ್ಷರ ಬದಲಿಸದೆ ಇಲ್ಲಿ ಬರೆಯುತ್ತಿದ್ದೇನೆ.

“ಎಲ್ಲರ ಬಗ್ಗೆ ಹೇಳಿದ್ದಲ್ಲ ಮಿಸ್ ಲೊರೀನ್. ಆಮೇಲೆ ಇನ್ನೂ ಹೇಳಿದ್ದೆ, ಅದನ್ನ ತೆಗೆದುಬಿಟ್ರು. ಮೂರನೇ ಸಾಲಲ್ಲಿ ನಮ್ಮ ಭಾನುವಾರದ ಮನೆಯವರು ಇದಾರೆ, ಅವರಿಗೆ ಮಂಡಿ ನೋವು, ಕಂಬಿ ಹಿಡ್ಕೊಂಡು ನಿಂತಿರ್ತಾರೆ, ನಾನು ಹಾಕೋ ತನಕ ಅವರು ಕೂರಲ್ಲ, ಅದಕ್ಕೇ ಆತುರ ಆಗತ್ತೆ ಅಂದಿದ್ದೆ. ನನ್ನ ಅಜ್ಜಿದೂ ಹಾಗೇ ಮಂಡಿ. ನಿಮ್ಮದು ನೋಡಿದ ತಕ್ಷಣ ಗೊತ್ತಾಯ್ತು.”

ಇದು, ಮಾನ್ಯರೇ, ನೀವು ಕತ್ತರಿಸಿದ ಅರ್ಧ. ಚಿತ್ರೀಕರಣದ ದಿನ ಅವನ ಪಕ್ಕದಲ್ಲಿ ಕೂತಿದ್ದ ಸೆಂಟರ್ ಹುಡುಗನನ್ನೂ ಕೇಳಿದ್ದೇನೆ; ಅವನೂ ಹೌದೆಂದ. ಒಬ್ಬ ಹುಡುಗ ಒಬ್ಬ ಮುದುಕಿಯ ಮೊಣಕಾಲಿನ ಬಗ್ಗೆ ಆಡಿದ ಮಾತನ್ನು ನೀವು ಒಂದು ಊರಿನ ಮೇಲಿನ ದೂರಾಗಿ ಮಾಡಿದಿರಿ. ಕತ್ತರಿ ಹಿಡಿದವರಿಗೆ ಆ ಮುಂದಿನ ಮಾತು ಕೇಳಿಸಿರಲೇಬೇಕು. ಕೇಳಿಯೂ ಕತ್ತರಿಸಿದರೇ? ಅದು ನಿಮ್ಮ ದೊಡ್ಡ ಅಕ್ಷರಗಳಿಗೆ ಹೊಂದುತ್ತಿರಲಿಲ್ಲ ಎಂದೇ? ಬರೀ ಮೂವತ್ತು ಸೆಕೆಂಡು ಹೆಚ್ಚು ತೋರಿಸಿದ್ದರೆ, ನನ್ನ ಪ್ರಕಾರ, ಆ ದಿನ ಅಂಗಳದಲ್ಲಿದ್ದ ಅರ್ಧ ಜನ ಕಣ್ಣೊರೆಸಿಕೊಂಡು ತಾವಾಗಿಯೇ ಕೂರುತ್ತಿದ್ದರು. ಬರ್ನಿ ಎಲ್ಲರಿಗಿಂತ ಮೊದಲು ಕೂರುತ್ತಿದ್ದ.

ಲೊರೀನ್ ಪಾತ್ರೆಯ ಬಟ್ಟೆ ಬಿಚ್ಚಿ ಅವನ ಕೈಗೆ ಚಮಚ ಕೊಟ್ಟಳು. ಅವನು ಎರಡು ತುತ್ತು ತಿಂದು ನಿಲ್ಲಿಸಿದ. ಕ್ರಿಸ್‌ಮಸ್ ರಜೆಗೆ ಗ್ಯಾರಿಗೆ ಹೋದವನು ಬಹುಶಃ ತಿರುಗಿ ಬರುವುದಿಲ್ಲ, ಬೇರೆ ಯಾವುದಾದರೂ ಕಾಲೇಜು ನೋಡಿಕೊಳ್ಳುತ್ತೇನೆ ಎಂದ. ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ.

“ಎಲ್ಲಾದ್ರೂ ಸರಿ ಮಿಸ್ಟರ್ ವರ್ನ್. ನನಗೋಸ್ಕರ ಯಾರೂ ಕಾಯದೇ ಇರೋ ಕಡೆ. ಅಲ್ಲಿ ತಪ್ಪಿದ್ರೆ ಬರೀ ತಪ್ಪತ್ತೆ, ಅಷ್ಟೇ.”

ಸಾಕಿದ ದನವನ್ನು ಸಂತೆಯಲ್ಲಿ ಮಾರಿ ಅಳುವ ಗಂಡಸರನ್ನು ಕಂಡವನು ನಾನು. ಆ ಕೋಣೆಯಲ್ಲಿ ನಾನೂ ಬಾಗಿಲ ಕಡೆ ಮುಖ ತಿರುಗಿಸಿಕೊಂಡೆ. ನಮ್ಮ ನಿಲ್ಲುವ ಪದ್ಧತಿಗೆ ಇದ್ದದ್ದು ಒಂದೇ ಅರ್ಥ: ನಿನಗಾಗಿ ಕಾಯುತ್ತೇವೆ, ಎಷ್ಟು ಹೊತ್ತಾದರೂ ಸರಿ. ಹತ್ತೊಂಬತ್ತರ ಹುಡುಗನೊಬ್ಬ ಅದನ್ನು ಕೇಳಿ, ದಯವಿಟ್ಟು ನನಗಾಗಿ ಕಾಯಬೇಡಿ ಎಂದು ಊರು ಬಿಡುತ್ತಿದ್ದಾನೆ. ಇದಕ್ಕಿಂತ ದೊಡ್ಡ ಸೋಲನ್ನು ನಿಮ್ಮ ಅಂಕಫಲಕ ತೋರಿಸಲಾರದು.

ನನ್ನ ಬೇಡಿಕೆ ದೊಡ್ಡದಲ್ಲ. ಶನಿವಾರ ನಮ್ಮ ಅಂಗಳದಲ್ಲಿ ಮತ್ತೆ ಆಟವಿದೆ. ಅದೇ ಪರದೆಯ ಮೇಲೆ, ಅಷ್ಟೇ ದೊಡ್ಡದಾಗಿ, ಟೆರೆಲ್ ಹೇಳಿದ್ದನ್ನು ಪೂರ್ತಿ ತೋರಿಸಿ. ಆಮೇಲೆ ಮೈಕ್ ಹಿಡಿದು, ‘ಕೂರಿ ಎಂದದ್ದು ಅವನಲ್ಲ, ನಾನು’ ಎಂದು ನಿಮ್ಮ ಬಾಯಿಂದ ಹೇಳಿ. ಇದರಿಂದ ಲೊರೀನ್‌ಳ ಮೊಣಕಾಲಿನ ಸುದ್ದಿ ಊರಿಗೆಲ್ಲ ಗೊತ್ತಾಗುತ್ತದೆ. ಅವಳು ಬಹಳ ಬಿಗುಮಾನದ ಹೆಂಗಸು, ಊರುಗೋಲನ್ನು ಕೂಡ ಗಾಡಿಯಲ್ಲೇ ಬಿಟ್ಟು ಬರುತ್ತಾಳೆ. ಈ ಪತ್ರವನ್ನು ಮೊದಲು ಅವಳಿಗೇ ಓದಿಹೇಳಿ, ಮೊಣಕಾಲಿನ ವಿಷಯ ತೆಗೆದುಬಿಡಲೇ ಎಂದು ಕೇಳಿದೆ. ಬರಿ, ಎಂದಳು. ನೋವಿದೆ ಅಂತ ಬರಿ, ತುಂಬ ಇದೆ ಅಂತ ಬರಿ.

ನೀವು ಹೇಳದೇ ಇರಬಹುದು. ಕ್ಷಮೆ ಕೇಳುವುದಕ್ಕೆ ಮುಂಚೆ ವಕೀಲರನ್ನು ಕೇಳುವವರು ನೀವು. ಹಾಗಾದರೆ ಕನಿಷ್ಠ ಒಂದು ಉಪಕಾರ ಮಾಡಿ. ಅವಳು ನಿಂತರೆ ಟೆರೆಲ್ ಅವಳ ಕಾಲನ್ನು ನೋಡುತ್ತಾನೆ, ಅವನ ಕೈ ಆತುರ ಪಡುತ್ತದೆ, ಚೆಂಡು ತಪ್ಪುತ್ತದೆ. ಅವನ ಮೇಲಿನ ಪ್ರೀತಿಯಿಂದಲೇ ಅವಳು ಕೂತರೆ, ಕೈಕಟ್ಟಿ ಕೂತ ಆ ನೂರಾರು ಜನರಲ್ಲಿ ಅವಳೂ ಒಬ್ಬಳಾಗಿಬಿಡುತ್ತಾಳೆ. ನೀವು ಬರುವ ಮೊದಲು ನಮ್ಮ ಅಂಗಳದಲ್ಲಿ ಕೂರುವುದಕ್ಕೆ ಕೂರುವುದು ಎಂದಷ್ಟೇ ಅರ್ಥವಿತ್ತು. ನಿನ್ನೆ ಊಟದ ಮೇಜಿನಲ್ಲಿ ಅವಳು ನನ್ನನ್ನು ಕೇಳಿದಳು, “ಶನಿವಾರ ನಾನೇನ್ ಮಾಡ್ಲಿ ವರ್ನ್, ನಿಲ್ಲಲಾ, ಕೂರ್ಲಾ?” ಜೀವಮಾನವೆಲ್ಲ ಬಾಯಿಯಿಂದಲೇ ಅನ್ನ ಸಂಪಾದಿಸಿದವನು ನಾನು, ಎದ್ದು ಹೋಗಿ ತಟ್ಟೆ ತೊಳೆದೆ.

ಆದ್ದರಿಂದ ಶನಿವಾರ ಚೆಂಡು ಮೇಲೆ ಹಾರುವ ಮುಂಚೆ ಗಾಜಿನ ಕೋಣೆಯಿಂದ ಇಳಿದು ಮೂರನೇ ಸಾಲಿಗೆ ಬನ್ನಿ. ನೀಲಿ ಸ್ವೆಟರಿನ ಹೆಂಗಸು, ಕಂಬಿಯ ಪಕ್ಕದ ಜಾಗ. ಆ ಪ್ರಶ್ನೆಗೆ ಉತ್ತರವನ್ನು ಅವಳ ಮುಖ ನೋಡಿ ನೀವೇ ಹೇಳಿ.

ಇಂತಿ,
ಕೂಗಿ ಕೂಗಿ ದನಿ ಕಳೆದುಕೊಂಡ ಮೇಲೆ ಬರೆಯಲು ಕಲಿತಿರುವ,
ಮಿಲ್ಲರ್ಸ್ ತಂಡದ ಹಳೆಯ ಅಭಿಮಾನಿ, ಟೆರೆಲ್ ಮೇಬ್ರಿಯ ಭಾನುವಾರದ ಮನೆಯವನು (ಕ್ರಿಸ್‌ಮಸ್‌ವರೆಗಂತೂ),
ವರ್ನ್ ಹೋಸ್ಟೆಟ್ಲರ್
ಕಾರ್ಡರ್ ಮಿಲ್ಸ್, ಇಂಡಿಯಾನಾ